ಪಲ್ಟಿ ಹೊಡೆಯುವ ಗಾಡಿ, ವಿಶಲ್ ಊದುವ ನಾನು

ಗುಡ್ಡಕ್ಕೆ ಗಾಡಿ ಹತ್ತಿಸೋಕೆ ಬರೋ ಜನ ಒಬ್ಬೊಬ್ಬರು ಒಂದೊಂದು ಥರ. ಆದರೆ ಬಿದ್ದ ಮೇಲೆ ಎಲ್ಲರೂ ಹೇಳೋದು ಒಂದೇ ಮಾತು: "ಟೀಚರ್, ನಾನೇನೂ ಮಾಡ್ಲಿಲ್ಲ, ಗಾಡೀನೇ ಬಿತ್ತು." ಶನಿವಾರ, ಭಾನುವಾರ ಬಂತು ಅಂದರೆ ಇದನ್ನ ಒಂದು ಸಲವಾದರೂ ಕೇಳದೆ ನಾನು ಮನೆಗೆ ಹೋಗಿದ್ದಿಲ್ಲ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ನಾನು ಮೈಸೂರಿನವಳು. ಮದುವೆಯಾಗಿ ಬೊರಿವಲಿಗೆ ಬಂದೆ, ಅಲ್ಲೇ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದೆ. ಮನೇಲಿ ಕೂತ ಎರಡೇ ತಿಂಗಳಿಗೆ ಬಿಲ್ಡಿಂಗಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸೋಕೆ ಶುರು ಮಾಡಿದೆ. ಸೊಸೈಟಿಯವರು ಮನೆಗೇ ಬಂದು ಕೈ ಮುಗಿದರು, "ಮೇಡಂ, ಸಾಕು" ಅಂತ.

ಆಗ ನನ್ನ ಹಳೇ ವಿದ್ಯಾರ್ಥಿಯೊಬ್ಬ ವಿರಾರ್ ಕಡೆ ಗುಡ್ಡದ ಬುಡದಲ್ಲಿ ಎ.ಟಿ.ವಿ. ಪಾರ್ಕ್ ತೆಗೆದಿದ್ದ. ಎ.ಟಿ.ವಿ. ಅಂದರೆ ನಾಲ್ಕು ದಪ್ಪ ಗಾಲಿ, ಮೇಲೊಂದು ಸೀಟು, ಸ್ಕೂಟರಿಗಿರೋ ಹಾಗೆ ಹ್ಯಾಂಡಲ್. ಕಲ್ಲು, ಮಣ್ಣು, ಏರು, ಇಳಿಜಾರು ಎಲ್ಲಾ ಕಡೆ ಹೋಗತ್ತೆ. ನಾಲ್ಕು ಗಾಲಿ ಇದೆಯಲ್ಲ, ಬೀಳಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಅದಕ್ಕೇ ಬೀಳತ್ತೆ. ನನ್ನ ವಿದ್ಯಾರ್ಥಿ ಮನೆಗೆ ಬಂದು, "ಟೀಚರ್, ಪಬ್ಲಿಕ್ ನನ್ನ ಮಾತು ಸುನ್ತಾನೇ ಇಲ್ಲ. ನೀವು ಬಂದು ಒಂದು ಸಲ ಗದರಿದ್ರೆ ಸಾಕು" ಅಂದ. ಗದರೋದಕ್ಕೆ ಕರೆದರೆ ನಾನು ಇಲ್ಲ ಅಂತೀನಾ? ವಿಶಲ್ ಹುಡುಕಿ ಕೊರಳಿಗೆ ಹಾಕ್ಕೊಂಡೆ.

ಕಷ್ಟ ಇದ್ದಿದ್ದು ಮನೇಲಿ. ನಮ್ಮ ಯಜಮಾನರು ಪರೇಲಿನ ಒಂದು ಆಫೀಸಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ರಿಟೈರ್ ಆದವರು, ಮಹಾ ಹುಷಾರಿನ ಮನುಷ್ಯ. ಗ್ಯಾಸ್ ನಾಬ್ ಮೂರು ಸಲ ನೋಡ್ತಾರೆ. ಬಾಗಿಲಿಗೆ ಬೀಗ ಹಾಕಿ, ಲಿಫ್ಟ್ ಹತ್ತಿ, ಮತ್ತೆ ಇಳಿದು ಬಂದು ಬೀಗ ಜಗ್ಗಿ ನೋಡ್ತಾರೆ. ನಮ್ಮನೆ ಸೋಫಾದಲ್ಲಿ ಮೂರು ಜನ ಕೂರಬಹುದು, ಅವರು ಕೂರೋದು ಒಂದೇ ಅಂಚಿನಲ್ಲಿ. ಆ ಅಂಚು ಕುಸಿದು ಹೋಗಿದೆ, ಉಳಿದ ಸೋಫಾ ಇನ್ನೂ ಅಂಗಡಿಯಿಂದ ತಂದ ಹಾಗೇ ಇದೆ. ಇಂಥವರಿಗೆ ಹೆಂಡತಿ ಅರವತ್ತು ದಾಟಿದ ಮೇಲೆ ಗುಡ್ಡದ ಮೇಲೆ ಗಾಡಿ ಓಡಿಸೋದು ಕಲಿಸ್ತಾಳೆ ಅಂದರೆ ಹೇಗಾಗಿರಬೇಡ. "ಸರಿ, ಹೋಗು. ಅದು ಅಪಾಯ ಅಂತ ನನಗೆ ಖಾತ್ರಿ ಆದ ದಿನ ಬಿಡಿಸ್ತೀನಿ" ಅಂದರು. ನಾನು ಒಪ್ಪಿಕೊಂಡೆ. ಅಲ್ಲಿಂದ ಈಚೆಗೆ ಆ ಖಾತ್ರಿ ಆಗದ ಹಾಗೆ ನೋಡಿಕೊಳ್ಳೋದೇ ನನಗೆ ಇನ್ನೊಂದು ನೌಕರಿ ಆಯ್ತು.

ಸ್ಟೇಷನ್ ಬಂತು

ಗಾಡಿ ಹತ್ತೋ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳ್ತೀನಿ. ಏರು ಹತ್ತೋವಾಗ ಎದೆ ಮುಂದಕ್ಕೆ. ಇಳಿಯೋವಾಗ ಸೀಟಿನಲ್ಲಿ ಹಿಂದಕ್ಕೆ ಸರೀಬೇಕು. ಗುಡ್ಡಕ್ಕೆ ಅಡ್ಡಡ್ಡ ಹೋಗೋವಾಗ ಗುಡ್ಡದ ಕಡೆಗೇ ವಾಲಬೇಕು. ಕಾಲು ಕೆಳಗೆ ಬಿಡಬಾರದು. ಕೊನೇದು, ನಾನು ಉದ್ದಕ್ಕೆ ವಿಶಲ್ ಊದಿದರೆ ಗಾಡಿ ಆಸೆ ಬಿಟ್ಟು, ಎದ್ದು, ಗುಡ್ಡದ ಕಡೆಗೆ ಹಾರಬೇಕು. ಇಷ್ಟನ್ನೂ ಬಾಯಿಪಾಠ ಒಪ್ಪಿಸಿದವರಿಗೆ ಮಾತ್ರ ಕೀ ಕೊಡ್ತೀನಿ.

ಒಂದು ಸಲ ಯಾವುದೋ ಆಫೀಸಿನಿಂದ ಹತ್ತು ಹನ್ನೆರಡು ಜನ ಬಂದರು. ಅದರಲ್ಲೊಬ್ಬರು ಐವತ್ತರ ಹತ್ತಿರದ ಸಾಹೇಬರು. ಪಾಠ ಚೆನ್ನಾಗಿ ಒಪ್ಪಿಸಿದರು, ಒಂದು ಸುತ್ತು ಚೆನ್ನಾಗೇ ಓಡಿಸಿದರು. ನಾನು ಮನಸ್ಸಿನಲ್ಲೇ ನೂರಕ್ಕೆ ತೊಂಬತ್ತು ಕೊಟ್ಟಿದ್ದೆ. ಸುತ್ತು ಮುಗಿಯೋ ಜಾಗ ಹತ್ತಿರ ಬಂತು. ಗಾಡಿ ಇನ್ನೂ ನಿಂತಿಲ್ಲ, ಈ ಮನುಷ್ಯ ಎದ್ದು ಒಂದು ಕಾಲು ಆಚೆಗೆ ಹಾಕಿ, ಹೆಗಲಲ್ಲಿದ್ದ ಬ್ಯಾಗನ್ನ ಎದೆಗವಚಿಕೊಂಡು ಇಳಿದೇಬಿಟ್ಟರು. ಇಳಿದು ಗಾಡಿ ಜೊತೆ ನಾಲ್ಕು ಹೆಜ್ಜೆ ಓಡಿ, ಬಹಳ ಚೆನ್ನಾಗಿ ನಿಂತರು. ಗಾಡಿ ನಿಲ್ಲಲಿಲ್ಲ. ಮುಂದಿದ್ದ ಟೈರಿನ ಗೋಡೆ ಹತ್ತೋಕೆ ಹೋಗಿ, ಆಗದೆ ಪಕ್ಕಕ್ಕೆ ಮಲಗಿತು.

ನಾನು ಓಡಿ ಹೋದೆ. "ಏನ್ರೀ ಇದು, ನಿಲ್ಲೋಕೆ ಮುಂಚೆ ಇಳಿಯೋದಾ?"

ಅವರಿಗೂ ಗಾಬರಿ. "ಸಾರಿ ಟೀಚರ್, ಅಭ್ಯಾಸ. ನಿಲ್ಲೋವರೆಗೂ ಕಾದ್ರೆ ಹತ್ತೋರು ಒಳಗೆ ತಳ್ಳಿಬಿಡ್ತಾರಲ್ಲ."

"ಇದೇನು ಲೋಕಲ್ ಟ್ರೇನಾ? ಇಲ್ಲಿ ಯಾರ್ರೀ ತಳ್ಳೋರು" ಅಂತ ನಾನು ಬೈತಾ ತಿರುಗಿ ನೋಡಿದರೆ, ಸಾಲಿನಲ್ಲಿ ಮುಂದಿನವರು ಹೆಲ್ಮೆಟ್ ಹಾಕ್ಕೊಂಡು, ಮೊಣಕೈ ಎರಡೂ ಅಗಲಿಸಿ ಆಗಲೇ ರೆಡಿಯಾಗಿ ನಿಂತಿದ್ದರು.

ನಾಲ್ಕು ನಿಂಬೆಹಣ್ಣು

ದಸರೆಗೆ ಪಾರ್ಕಿಗೆ ಕೆಂಪು ಬಣ್ಣದ ಹೊಸ ಗಾಡಿ ಬಂತು. ನನ್ನ ವಿದ್ಯಾರ್ಥಿಯ ಅಮ್ಮ ಪೂಜೆ ಆಗಲೇಬೇಕು ಅಂದರು, ಅದೂ ಪೂರ್ವಕ್ಕೆ ಮುಖ ಮಾಡಿ. ನಮ್ಮ ಪಾರ್ಕಿನಲ್ಲಿ ಪೂರ್ವಕ್ಕೆ ಇರೋದು ಇಳಿಜಾರು. ಬೊರಿವಲಿಯಿಂದ ಭಟ್ಟರು ಬಂದರು. ಗಾಡಿಗೆ ಹಾರ, ಕುಂಕುಮ, ನಾಲ್ಕೂ ಗಾಲಿ ಕೆಳಗೆ ಒಂದೊಂದು ನಿಂಬೆಹಣ್ಣು.

"ಬ್ರೇಕ್ ಹಾಕೋ" ಅಂದೆ ನಾನು.

"ಟೀಚರ್, ಬ್ರೇಕ್ ಹಾಕಿದ್ರೆ ನಿಂಬೆಹಣ್ಣು ಹೇಗೆ ಒಡೆಯತ್ತೆ ಅಂತಾರೆ ಅಮ್ಮ. ಆರತಿ ಆದ್ಮೇಲೆ ನಾನೇ ಹತ್ತಿ ಒಡೆಸ್ತೀನಿ" ಅಂದ ಅವನು.

ದೇವರ ವಿಷಯ, ಅಮ್ಮನ ವಿಷಯ, ನಾನು ಸುಮ್ಮನಾದೆ. ಹಾಗೆ ನೋಡಿದರೆ ಆ ನಾಲ್ಕು ನಿಂಬೆಹಣ್ಣೇ ಆ ಗಾಡಿಗೆ ಬ್ರೇಕು. ಭಟ್ಟರು ಮಂಗಳಾರತಿ ಎತ್ತಿದರು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದೆವು. ನಾನೂ ಮುಚ್ಚಿದ್ದೆ, ಸುಳ್ಳು ಹೇಳಲ್ಲ. ಗಂಟೆ ಸದ್ದಿನ ಮಧ್ಯೆ ಪಿಚಕ್ ಅಂತ ಒಂದು ಸದ್ದಾಯ್ತು. ಕಣ್ಣು ಬಿಟ್ಟರೆ ಎದುರಿಗೆ ಗಾಡಿ ಇಲ್ಲ, ಹಾರ ಹಾಕ್ಕೊಂಡು ಇಳಿಜಾರಿನಲ್ಲಿ ತನ್ನ ಪಾಡಿಗೆ ಹೋಗ್ತಾ ಇದೆ. ಸೀಟಿನ ಮೇಲಿಟ್ಟಿದ್ದ ತೆಂಗಿನಕಾಯಿ ಕೂಡ ಜೊತೆಗೇ ಹೊರಟಿತ್ತು. ಕೆಳಗಿನ ಮೋರಿ ಹತ್ತಿರ ಹೋಗಿ ಗಾಡಿ ಒಂದು ಮಗ್ಗುಲಿಗೆ ಮಗುಚಿಕೊಂಡಿತು.

ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಭಟ್ಟರ ಮುಖ ನೋಡಿದರು. ಭಟ್ಟರು ಆರತಿ ತಟ್ಟೆ ಹಿಡಿದುಕೊಂಡೇ ಬಗ್ಗಿ, ನೆಲ ನೋಡಿ, "ನಾಲ್ಕೂ ಒಡೆದಿದೆ ತಾಯಿ. ದೋಷ ಏನೂ ಇಲ್ಲ" ಅಂದರು.

ಮನೆಗೆ ಪ್ರಸಾದ ತಂದೆ. ಯಜಮಾನರು ತೆಂಗಿನಕಾಯಿ ಹೋಳು ತಿರುಗಿಸಿ ನೋಡಿ, "ಇದಕ್ಕೆ ಯಾಕೆ ಇಷ್ಟೊಂದು ಮಣ್ಣು?" ಅಂದರು. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಾ ಇದೆ ಅಂತ ಎದ್ದು ಹೋದೆ.

ಏರಿಗೆ ಎದಿ ಮುಂದ

ಬೈಕುಲ್ಲಾ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿ ಒಬ್ಬರು ಬಂದಿದ್ದರು, ಒಳ್ಳೇ ದಷ್ಟಪುಷ್ಟ ಆಳು. ಜೊತೆಗೆ ಅವರ ಹತ್ತಿರ ಕೈಗಾಡಿ ಎಳೆಯೋ ವಿಜಾಪುರದ ಕಡೆಯವನು. ಹತ್ತು ವರ್ಷದಿಂದ ದುಡೀತಾನೆ, ಅವನೂ ಒಂದು ದಿನ ಮಜಾ ಮಾಡಲಿ ಅಂತ ಕರಕೊಂಡು ಬಂದಿದ್ದರು. ಇದು ನನಗೆ ಬಹಳ ಇಷ್ಟ ಆಯ್ತು, ಇಬ್ಬರಿಗೂ ಚಹಾ ಕೊಡಿಸಿದೆ.

ವ್ಯಾಪಾರಿಗಳು ಪಾಠಕ್ಕೆ ತಲೆ ಆಡಿಸಿದರೇ ಹೊರತು ಕಿವಿ ಕೊಡಲಿಲ್ಲ. ಏರು ಶುರುವಾದ ಕೂಡಲೇ ಗದ್ದಿಗೆ ಮೇಲೆ ಕೂತ ಹಾಗೆ ಹಿಂದಕ್ಕೆ ಒರಗಿದರು. ಮುಂದಿನ ಗಾಲಿ ಎರಡೂ ನೆಲ ಬಿಟ್ಟವು. ನಾನು ಉದ್ದಕ್ಕೆ ವಿಶಲ್ ಊದಿದೆ. ಅವರು ಹಾರಲಿಲ್ಲ, ಸದ್ಯ ಜಾರಿದರು. ಹುಲ್ಲಿನ ಮೇಲೆ ಮೂಟೆ ಇಳಿಸಿದ ಹಾಗೆ ಮೆತ್ತಗೆ ಕೂತರು. ಗಾಡಿ ಅವರ ಪಕ್ಕದಲ್ಲೇ ಹೊರಳಿ, ನಾಲ್ಕೂ ಗಾಲಿ ಆಕಾಶಕ್ಕೆ ಮಾಡಿತು. ಅವರಿಗೆ ಒಂದು ಗೀರೂ ಆಗಲಿಲ್ಲ.

ಆಮೇಲೆ ಕೈಗಾಡಿಯವನ ಸರದಿ. ಏರಿನಲ್ಲಿ ಎದೆ ಹ್ಯಾಂಡಲ್ಲಿಗೆ ತಾಗಿಸಿ ಹತ್ತಿದ. ಇಳಿಜಾರಿನಲ್ಲಿ ಹಿಂದಕ್ಕೆ ಸರಿದು ಇಳಿದ. ಅಡ್ಡ ದಾರಿಯಲ್ಲಿ ಗುಡ್ಡಕ್ಕೆ ವಾಲಿ ದಾಟಿದ. ನಾನು ದಂಗಾಗಿ, "ಎಲ್ಲಿ ಕಲಿತ್ಯಪ್ಪಾ?" ಅಂದೆ.

"ಇದರಾಗ ಕಲಿಯೂದು ಏನೈತ್ರಿ ಅಕ್ಕಾರ. ಬ್ರಿಜ್ ಮ್ಯಾಲ ಕೈಗಾಡಿ ಜಗ್ಗೂ ಮುಂದ ಇದ ಅಲ್ಲೇನ್ರಿ. ಏರಿಗೆ ಎದಿ ಮುಂದ, ಇಳಕಲಕ್ಕ ಹಿಂದ."

ವ್ಯಾಪಾರಿಗಳು ಪ್ಯಾಂಟಿನ ಹುಲ್ಲು ಕೊಡವಿಕೊಳ್ತಾ ಇದ್ದರು. "ಅಲ್ಲೋ ಮಾರಾಯ, ಗೊತ್ತಿದ್ರೆ ನನಗೆ ಮೊದಲೇ ಹೇಳಬಾರದಾ?"

ಅವನು ಬಹಳ ವಿನಯವಾಗಿ ಹೇಳಿದ: "ಹೇಳಬೇಕಂತ ಇದ್ದೆರಿ ಸಾಹೇಬ್ರ. ಆದ್ರ ಹತ್ತು ವರ್ಷ ಆತು, ಗಾಡಿ ಹ್ಯಾಂಗ ಹೊಡೀಬೇಕಂತ ದಿನಾ ನೀವ ನನಗ ಹೇಳ್ತೀರಲ್ರಿ."

ಮೂರು ಜನರ ಸೀಟು

ವ್ಯಾಪಾರಿಗಳು ಜಾರಿದ್ದನ್ನ ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದು ಎಲ್ಲೆಲ್ಲಿ ಸುತ್ತಿತೋ, ಕಡೆಗೆ ನಮ್ಮ ಬಿಲ್ಡಿಂಗಿನ ಗ್ರೂಪಿಗೇ ಬಂತು. ಹಿಂದುಗಡೆ ವಿಶಲ್ ಊದ್ತಾ ಓಡಿ ಬರ್ತಾ ಇರೋಳು ನಾನು. ಯಜಮಾನರು ಅದನ್ನ ನಾಲ್ಕೈದು ಸಲ ನೋಡಿದರು. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಈ ಭಾನುವಾರ ನಾನೇ ಬರ್ತೀನಿ. ನಾನೇ ಓಡಿಸ್ತೀನಿ. ನನ್ನಂಥ ಹುಷಾರಿನ ಮನುಷ್ಯನೂ ಬಿದ್ದ ಅಂದ್ರೆ ತಪ್ಪು ಗಾಡೀದು. ಅವತ್ತೇ ನೀನು ಆ ಕೆಲಸ ಬಿಡ್ಬೇಕು."

ಆಯ್ತು ಅಂದೆ. ಆದರೆ ಆ ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಆ ಗುಡ್ಡದ ಮೇಲೆ ನಾನು ಇನ್ನೂ ಟೀಚರ್. ಮನೇಲಿ ನಾನು ಕುಕ್ಕರ್ ವಿಶಲ್ ಎಣಿಸೋಳು. ಆ ಕೆಲಸ ಹೋದರೆ ನನಗೇನೂ ಉಳಿಯಲ್ಲ ಅನ್ನೋ ಸಂಕಟ.

ಭಾನುವಾರ ಅವರು ಹೆಲ್ಮೆಟ್, ಮೊಣಕಾಲಿನ ಪಟ್ಟಿ, ಕೈಗವಸು ಎಲ್ಲಾ ಹಾಕ್ಕೊಂಡು, ಪಟ್ಟಿ ಮೂರು ಮೂರು ಸಲ ಜಗ್ಗಿ ನೋಡಿದರು. ನನ್ನ ಪಾಠವನ್ನ ಒಂದಕ್ಷರ ಬಿಡದೆ ಒಪ್ಪಿಸಿದರು. ಸಪಾಟು ನೆಲದಲ್ಲಿ ಎರಡು ಸುತ್ತು ಹಾಕಿದರು, ಪಕ್ಕದಲ್ಲಿ ನಡೀತಾ ಇದ್ದ ನಾಯಿ ಅವರನ್ನ ದಾಟಿ ಹೋಯ್ತು. ಆಮೇಲೆ ಗುಡ್ಡದ ಅಡ್ಡ ದಾರಿಗೆ ಹೊರಟರು. ಬಲಕ್ಕೆ ಗುಡ್ಡ, ಎಡಕ್ಕೆ ಇಳಿಜಾರು. ನಾನು ಮೇಲ್ಗಡೆ ಜೊತೆಗೇ ನಡೆದೆ. ನೋಡಿದರೆ ಮನುಷ್ಯ ಸೀಟಿನ ಎಡ ಅಂಚಿನಲ್ಲಿ ಕೂತಿದ್ದಾರೆ. ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ.

"ರೀ, ಮಧ್ಯಕ್ಕೆ ಬನ್ನಿ."

"ಮಧ್ಯದಲ್ಲೇ ಇದೀನಲ್ಲೇ."

"ರೀ, ನೀವು ಅಂಚಿನಲ್ಲಿದೀರಿ."

"ಆರಾಮಾಗಿದೀನಿ, ನೀನು ಮಾತಾಡಿಸ್ಬೇಡ."

ಮೂರನೇ ಸಲ ಹೇಳೋ ಹೊತ್ತಿಗೆ ಬಲಗಡೆ ಗಾಲಿ ಮೆಲ್ಲಗೆ ಎದ್ದವು. ಉಸಿರೆಲ್ಲ ಸೇರಿಸಿ ಉದ್ದಕ್ಕೆ ವಿಶಲ್ ಊದಿದೆ. ಆ ಮನುಷ್ಯ ಒಂದು ಕ್ಷಣ ಯೋಚನೆ ಮಾಡಲಿಲ್ಲ. ಎದ್ದು, ಸೀಟಿನ ಮೇಲಿಂದ ಗುಡ್ಡದ ಕಡೆಗೆ ಹಾರಿ ನನ್ನ ಕಾಲ ಹತ್ತಿರ ಬಂದು ಬಿದ್ದರು. ಗಾಡಿ ಆ ಕಡೆಗೆ ಪಲ್ಟಿ ಹೊಡೆದು, ಪೊದೆಗೆ ಸಿಕ್ಕಿ ನಿಂತಿತು. ಅವರನ್ನ ತಟ್ಟಿ, ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ.

ಮಾತು ಕೊಟ್ಟಾಗಿತ್ತು. ಕೊರಳಿನಿಂದ ವಿಶಲ್ ತೆಗೆದು ಅವರ ಕೈಗಿಟ್ಟೆ. ಅಳು ಬಂದಿತ್ತು, ತಡಕೊಂಡೆ.

ಅಷ್ಟರಲ್ಲಿ ಪಾರ್ಕಿನ ಹುಡುಗರು ಗಾಡಿ ಎತ್ತಿ ಮೇಲೆ ತಂದರು. ಯಜಮಾನರು ಅದರ ಸೀಟನ್ನೇ ನೋಡ್ತಾ ನಿಂತರು. ಗುಡ್ಡದ ಕೆಂಪು ಧೂಳು ಸೀಟಿನ ತುಂಬಾ ಕೂತಿತ್ತು. ಎಡ ಅಂಚಿನಲ್ಲಿ ನಾಲ್ಕು ಬೆರಳಗಲ ಮಾತ್ರ ಒರೆಸಿದ ಹಾಗೆ ಚೊಕ್ಕಟವಾಗಿತ್ತು.

ಲೋಕಲ್ಲಿನಲ್ಲಿ ಓಡಾಡದವರಿಗೆ ಹೇಳ್ತೀನಿ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರೂ ಕೂರೋದು ಇಲ್ಲಿನ ರೂಢಿ. ಮೂವರು ಸ್ವಲ್ಪ ಸರೀತಾರೆ, ನಾಲ್ಕನೆಯವರು ಅಂಚಿನಲ್ಲಿ ಅರ್ಧ ಕೂರ್ತಾರೆ. ನಮ್ಮ ಯಜಮಾನರು ಸಂಕೋಚದ ಮನುಷ್ಯ, ಆಫೀಸಿಗೆ ಹೋಗ್ತಾ ಬರ್ತಾ ದಿನಾ ನಾಲ್ಕನೆಯವರು ಅವರೇ.

"ಮೂವತ್ತೆರಡು ವರ್ಷ ನನಗೆ ಸಿಕ್ಕಿದ್ದು ಇಷ್ಟೇ ಜಾಗ ಕಣೇ" ಅಂದರು ಮೆಲ್ಲಗೆ. "ಪೂರ್ತಿ ಸೀಟು ಕೊಟ್ರೂ ಕೂರೋಕೆ ಬರ್ತಾ ಇಲ್ಲ." ಆಮೇಲೆ ವಿಶಲ್ ತಿರುಗಿ ನನ್ನ ಕೊರಳಿಗೆ ಹಾಕಿ, ದಾರ ಮೂರು ಸಲ ಜಗ್ಗಿ ನೋಡಿದರು. "ಗಾಡೀದು ತಪ್ಪಿಲ್ಲ. ನೀನು ಊದದೇ ಇದ್ದಿದ್ರೆ ನಾನು ಅದರ ಕೆಳಗಿರ್ತಿದ್ದೆ. ಕೆಲಸ ಬಿಡ್ಬೇಡ."

ಸಂಜೆ ವಿರಾರಿನಿಂದ ಹೊರಡೋ ಲೋಕಲ್ ಹತ್ತಿದೆವು. ಭಾನುವಾರ, ಬೋಗಿ ಪೂರ್ತಿ ಖಾಲಿ. ನಾನು ಕಿಟಕಿ ಪಕ್ಕ ಕೂತೆ. ನಮ್ಮವರು ಅದೇ ಸೀಟಿನ ಆ ಕಡೆ ತುದಿಯಲ್ಲಿ, ಅರ್ಧ ಮೇಲೆ, ಅರ್ಧ ಗಾಳಿಯಲ್ಲಿ. ಮಧ್ಯೆ ಇಬ್ಬರು ಆರಾಮಾಗಿ ಕೂರೋಷ್ಟು ಜಾಗ.

"ರೀ, ಯಾರಿಗೆ ಬಿಟ್ಟಿದೀರಿ ಇದನ್ನ?"

"ಮುಂದಿನ ಸ್ಟೇಷನ್‌ನಲ್ಲಿ ಯಾರಾದ್ರೂ ಬಂದಾರು."

ನನಗೆ ನಗು, ಸಿಟ್ಟು, ಅಯ್ಯೋ ಪಾಪ ಎಲ್ಲಾ ಒಟ್ಟಿಗೇ ಬಂತು. ಇವತ್ತು ಈ ಮನುಷ್ಯನನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಮನೆಗೆ ಹೋಗಬೇಕು ಅನ್ನಿಸಿ, ವಿಶಲ್ ಬಾಯಿಗಿಟ್ಟು ಉದ್ದಕ್ಕೆ ಊದಿದೆ.

ಯಜಮಾನರು ಧಡಕ್ಕನೆ ಎದ್ದು ನಿಂತು, ಎರಡೂ ಕಡೆ ಕಿಟಕಿ ನೋಡಿ ಕೇಳಿದರು: "ಗುಡ್ಡ ಯಾವ ಕಡೆ?"