ತೊಂಬತ್ತೇಳು ಪಾಯಿಂಟ್ ಆರು

ಎದುರಿಗಿದ್ದವರಿಗೆ ಬೇಡವಾದದ್ದನ್ನು ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಹುಳುಕು ಬದನೆಕಾಯಿ ತೂಗಿಕೊಟ್ಟವನಿಗೂ "ಭಾಳ ಛಲೋ ಅದಾವ" ಎಂದು ಹೇಳಿ ಬರುತ್ತೇನೆ. ಇದನ್ನು ದಯೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಬರೀ ಪುಕ್ಕಲುತನವೆಂದು ಹೆಂಡತಿ ಸುಮಿತ್ರಾ ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದಳು. ನನಗೆ ಗೊತ್ತಾಗಲು ಕೊರೋನಾ ಬಂದು, ಅದರ ನಡುವೆ ಗ್ರಾಮ ಪಂಚಾಯಿತಿ ಚುನಾವಣೆಯೂ ಬರಬೇಕಾಯಿತು.

ಮಾಸ್ತರನಾದ ನನಗೆ ಟಿಕೋಟಾ ದಾಟಿ ಒಂದು ಹಳ್ಳಿಯಲ್ಲಿ ಮತಗಟ್ಟೆ ಡ್ಯೂಟಿ ಬಿತ್ತು. ಸುಮಿತ್ರಾಳಿಗೆ ಹೃದಯದ ಆಪರೇಷನ್ ಆಗಿ ಆಗಿನ್ನೂ ಮೂರು ತಿಂಗಳು. ನೆಗಡಿ ಸಹ ಆಕೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಜೋರಾಪುರ ಪೇಟೆಯ ನಮ್ಮ ಮನೆಯ ಬಾಗಿಲಲ್ಲಿ ನನ್ನ ಮಾಸ್ಕು ಸರಿಮಾಡಿ, "ಜ್ವರದವ್ರನ್ನ ದೂರ ನಿಂದರಸ್ರಿ. ನಿಮ್ಮ ಕೈಯಾಗ ಐತಿ ನನ್ನ ಜೀವಾ" ಎಂದಳು.

ಮತದಾರರ ಹಣೆಗೆ ಥರ್ಮಾಮೀಟರ್ ಪಿಸ್ತೂಲು ಹಿಡಿಯುವ ಕೆಲಸ ನನ್ನದು. ಜ್ವರವಿದ್ದವರಿಗೆ ಚೀಟಿ ಕೊಟ್ಟು ಕೊನೆಯ ತಾಸಿಗೆ ಬರಹೇಳಬೇಕು. ಆಗ ನಾವು ಪಿಪಿಇ ಕಿಟ್ ತೊಟ್ಟಿರುತ್ತೇವೆ. ಆದರೆ ಅಭ್ಯರ್ಥಿ ಮಲ್ಲಪ್ಪ ವಾರದಿಂದ ಊರ ತುಂಬ ಸಾರಿದ್ದ: "ಕೊರೋನಾ ಕಾರಿನ್ಯಾಗ ಅಡ್ಡಾಡೋ ಮಂದಿಗೆ ಬರೂದು. ಹೊಲದಾಗ ದುಡಿಯೋರಿಗೆ ಎಲ್ಲೀದು? ನಾ ಆರಿಸಿ ಬಂದ್ರ ಸೀಲ್‌ಡೌನ್ ಅಂತ ಒಂದು ಮನಿ ಬಾಗಲಕ್ಕೂ ತಗಡು ಬಡಿಯಾಕ ಬಿಡಾಂಗಿಲ್ಲ!" ಹೀಗಾಗಿ ಜ್ವರ ತೋರಬಾರದೆಂದು ಜನ ಬೋರಿಂಗಿನ ತಣ್ಣೀರಲ್ಲಿ ಹಣೆ ತೊಳೆದುಕೊಂಡೇ ಸಾಲಿನಲ್ಲಿ ನಿಂತರು. ನೀರಿಳಿಯುತ್ತಿದ್ದ ಒಬ್ಬನ ಹಣೆಗೆ ಹಿಡಿದರೆ ತೊಂಬತ್ಮೂರು ತೋರಿಸಿತು. ಲೆಕ್ಕದ ಪ್ರಕಾರ ಅವನು ನಿಂತಿರುವುದೇ ಕಷ್ಟ.

ಗಂಗವ್ವ ಎಂಬಾಕೆ ಎಷ್ಟು ತೊಳೆದುಕೊಂಡು ಬಂದಿದ್ದಳೋ, ಆದರೂ ನೂರಾ ಎರಡು. ನಾನು ಚೀಟಿಗೆ ಕೈಹಾಕಿದೆ. "ಬ್ಯಾಡ್ರಿ ಸರ" ಎಂದು ಆಕೆ ಪಿಸುಗುಟ್ಟಿದಳು. "ಸಂಜಿಕ ಬಂದ್ರ ಊರಿಗೆಲ್ಲಾ ಗೊತ್ತಾಗತೈತಿ. ಮಗಳನ್ನ ನೋಡಾಕ ಬರೋ ಬೀಗರು ಬರಾಂಗಿಲ್ಲ." ಮಾತಿನ ನಡುವೆಯೇ ಕೆಮ್ಮಿದಳು. ಸಾಲು ಮುಂದೆ ಸರಿದು ನನ್ನ ಮೈಮೇಲೆ ಬಂದಂತಾಯಿತು. ಮಲ್ಲಪ್ಪ ಬಾಗಿಲಲ್ಲಿ ಬಂದು ನಿಂತ.

"ಎಷ್ಟ್ ತೋರಸ್ತೈತ್ರಿ ಸರ? ಜೋರಾಗಿ ಹೇಳ್ರಿ, ಮಂದಿ ಕೇಳ್ಲಿ!"

"ತೊಂಬತ್ತೇಳು ಪಾಯಿಂಟ್ ಆರು" ಎಂದೆ.

ಶಿಳ್ಳೆ ಬಿದ್ದವು. "ಆಫೀಸರ್ ಅಂದ್ರ ಹಿಂಗಿರಬೇಕು" ಎಂದು ಯಾರೋ ಚಹಾ ತಂದರು. ಗಂಗವ್ವ ನನ್ನ ಕೈ ಹಿಡಿದು ಹಣೆಗೊತ್ತಿಕೊಂಡಳು. ಆ ಹಣೆ ಕಾದಿತ್ತು. ಆಮೇಲೆ ನಾನು ಪಿಸ್ತೂಲು ನೋಡುವುದನ್ನೇ ಬಿಟ್ಟೆ; ಊರಿಗೆ ಊರೇ ತೊಂಬತ್ತೇಳು ಪಾಯಿಂಟ್ ಆರು. ಕೊನೆಯ ತಾಸಿಗೆ ಒಬ್ಬರೂ ಬರಲಿಲ್ಲ. ಕಿಟ್ಟುಗಳು ಬಿಚ್ಚದೆ ಉಳಿದವು.

ಮನೆ ಮುಟ್ಟಿದಾಗ ಸುಮಿತ್ರಾ ಬಾಗಿಲು ತೆರೆದು, "ಜ್ವರದವ್ರು ಬಂದಿದ್ರೇನ್ರಿ?" ಎಂದಳು. "ಇಲ್ಲ" ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಆಕೆಯ ಕುತ್ತಿಗೆಯ ಕೆಳಗೆ ಹೊಲಿಗೆಯ ಗುರುತು ಕಂಡಿತು. ನಾಚಿಕೆಯಿಂದ ಎಲ್ಲ ಹೇಳಿಬಿಟ್ಟೆ.

"ಅಲ್ಲೇ ನಿಂದರ್ರಿ. ಮೊದಲ ಆ ಊರಿನ ಆಶಾ ಕಾರ್ಯಕರ್ತಿಗೆ ಫೋನ್ ಹಚ್ಚಿ ಖರೆ ಹೇಳ್ರಿ. ಆಮ್ಯಾಲೆ ಹೊರಗಿನ ಖೋಲಿಗೆ ನಡೀರಿ" ಎಂದು ಬಾಗಿಲು ಹಾಕಿಕೊಂಡಳು. ಹಾಗೇ ಮಾಡಿದೆ. ಗಂಗವ್ವನನ್ನು ಮರುದಿನ ಆಸ್ಪತ್ರೆಗೆ ಸೇರಿಸಿದರಂತೆ, ಉಳಿದುಕೊಂಡಳು. ಮಲ್ಲಪ್ಪ ಭಾರಿ ಅಂತರದಲ್ಲಿ ಗೆದ್ದ.

ಮೂರನೆಯ ದಿನ ನನಗೂ ಜ್ವರ ಏರಿತು. ಸುಮಿತ್ರಾ ಮಾತ್ರ ಪಾರಾದಳು. ಓಣಿಯವರು ನಮ್ಮ ಮನೆ ಬಂದಾಗ ದಾಟಿ ಆಚೆ ಬದಿಗೆ ಹೋಗತೊಡಗಿದರು. ಒಂಟಿ ಖೋಲಿಯಲ್ಲಿ ಕೆಮ್ಮುತ್ತಾ ಬಿದ್ದುಕೊಂಡವನಿಗೆ, ಇದು ಜ್ವರವೇ ಅಲ್ಲ, ಬರೀ ಬಿಸಿಲು ಎಂದು ಯಾರಾದರೂ ಬಂದು ಗಟ್ಟಿಯಾಗಿ ಹೇಳಬಾರದೇ ಎನಿಸುತ್ತಿತ್ತು. ಆ ಹೊತ್ತಿಗೆ ಮಲ್ಲಪ್ಪ ನಮ್ಮ ಓಣಿಯಲ್ಲಿ ಚುನಾವಣೆಗೆ ನಿಂತಿದ್ದರೆ, ನನ್ನ ಓಟು ಅವನಿಗೇ ಬೀಳುತ್ತಿತ್ತು.