ಫಾನ್ ಮೇಷ್ಟ್ರು ತಿಂದ ಹಸಿರು ಪೊಟ್ಟಣ

ಇಂಟರ್ನೆಟ್ ರಿಪೇರಿಗೆಂದು ಹೊರಗಿನ ಒಂದು ನರಪಿಳ್ಳೆಯೂ ಇನ್ನು ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಫಾನ್ ಮೇಷ್ಟ್ರು ಘೋಷಿಸಿದ್ದು ತಾವು ನಿವೃತ್ತರಾದ ವಾರವೇ. ಶಿಂಚು ಊರಿನ ಅರ್ಧ ಎಂಜಿನಿಯರುಗಳಿಗೆ ವಿಜ್ಞಾನ ಅರೆದು ಕುಡಿಸಿದವರು ಯಕಶ್ಚಿತ್ ಒಂದು ತಂತಿಗೆ ಹೆದರುವುದುಂಟೇ! ಗೋಡೆಯಿಂದ ಬಂದ ತಂತಿಯನ್ನು ಸ್ವಹಸ್ತದಿಂದ ಎಳೆದು, ರೌಟರಿಗೆ ಗುದ್ದಿ ಚುಚ್ಚಿ, ಕೈ ಕೊಡವಿಕೊಂಡರು. ಅಂದಿನಿಂದ ಅದರ ಪುಟ್ಟ ದೀಪ ಹಸಿರಾಗಿ ಉರಿಯುತ್ತಲೇ ಇತ್ತು.

ಒಂದು ವಿಷಯ ಮಾತ್ರ ಅವರ ಕಣ್ಣಿಗೆ ಚುಚ್ಚುತ್ತಿತ್ತು. ರೌಟರಿಗೂ ಗೋಡೆಗೂ ನಡುವೆ ಹೆಂಡತಿ ಗ್ವೇಲಾನ್ ಒಂದು ಹಸಿರು ಪೊಟ್ಟಣವನ್ನು ತುರುಕಿಟ್ಟಿದ್ದಳು. ತೆಂಗಿನಕಾಯಿ ರುಚಿಯ ಜೋಳದ ಕುರುಕಲು. ಆ ಊರಿನಲ್ಲಿ ಬ್ಯಾಂಕಿನ ಯಂತ್ರದಿಂದ ಹಿಡಿದು ಕಂಪ್ಯೂಟರ್ ಚಿಪ್ ಕಾರ್ಖಾನೆಯ ಯಂತ್ರದವರೆಗೆ ಎಲ್ಲದರ ನೆತ್ತಿಯ ಮೇಲೂ ಅದೇ ಪೊಟ್ಟಣ. ಅದರ ಹೆಸರಿನ ಅರ್ಥವೇ ಜಾಣಮರಿ; ಅದಿದ್ದರೆ ಯಂತ್ರವೂ ಜಾಣಮರಿಯಂತೆ ಇರುತ್ತದಂತೆ. ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು, ಒಡೆದು ತಿಂದರಂತೂ ಮಹಾಪಾಪ. ವಿಜ್ಞಾನದ ಮೇಷ್ಟ್ರ ಮನೆಯಲ್ಲೇ ಇಂಥ ಮೂಢನಂಬಿಕೆ ಎಂದು ಅವರಿಗೆ ಮೈ ಉರಿಯುತ್ತಿತ್ತು.

ಡ್ರ್ಯಾಗನ್ ದೋಣಿಗಳ ಹಬ್ಬ ಹತ್ತಿರವಾಗಿತ್ತು. ಅಡುಗೆಮನೆಯ ತುಂಬ ಬಿದಿರೆಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಕಡುಬುಗಳ ಗೊಂಚಲು. ಸಂತೆಯಲ್ಲಿದ್ದ ಮಳಿಗೆ ಕೈತಪ್ಪಿದ್ದರಿಂದ ಗ್ವೇಲಾನ್ ಈ ಸಲ ಫೋನಿನ ಮುಂದೆ ನಿಂತು, ಸಂಜೆ ಏಳಕ್ಕೆ ನೇರ ಪ್ರಸಾರದಲ್ಲೇ ಮಾರುವುದೆಂದು ಗಿರಾಕಿಗಳಿಗೆಲ್ಲ ಸಾರಿಬಿಟ್ಟಿದ್ದಳು. ಇದು ಕೆಟ್ಟರೆ ಕಡುಬೂ ಹಳಸುತ್ತದೆ, ಹೆಸರೂ ಹಳಸುತ್ತದೆ.

"ನಾನಿಲ್ಲಿ ನಿಂತು ಮಾತಾಡಿದ್ರೆ ತೈಪೇಲಿರೋರಿಗೆ ಹೇಗ್ರೀ ಕಾಣ್ಸುತ್ತೆ?"

ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು. "ನೋಡು, ನಿನ್ನ ಮುಖ ಇಡಿಯಾಗಿ ಹೋಗಲ್ಲ. ಹಂಡೆ ಅನ್ನನ ನೀನು ಎಲೇಲಿ ಬೇರೆಬೇರೆ ಕಟ್ತೀಯಲ್ಲ, ಹಾಗೇ ಅದನ್ನ ಚೂರು ಮಾಡಿ ಕಟ್ಟಿ, ಒಂದೊಂದರ ಮೇಲೂ ವಿಳಾಸ ಹಾಕಿ ಕಳಿಸೋದು. ಒಂದು ಈ ದಾರೀಲಿ ಹೋದ್ರೆ ಇನ್ನೊಂದು ಆ ದಾರೀಲಿ. ಆ ಕಡೆ ಸೇರಿದ್ಮೇಲೆ ಜೋಡಿಸ್ಕೋತಾರೆ."

"ಮೂಗಿನ ಚೂರು ದಾರೀಲಿ ಕಳೆದೋದ್ರೆ?"

"ಇನ್ನೊಂದು ಸಲ ತರಿಸ್ಕೋತಾರೆ. ಇಂಟರ್ನೆಟ್ ಅಂದ್ರೆ ರಸ್ತೆ, ವೆಬ್ ಅಂದ್ರೆ ರಸ್ತೆ ಪಕ್ಕದ ಅಂಗಡಿಗಳು. ಅಷ್ಟೇ. ಇದರಲ್ಲಿ ನಿನ್ನ ಹಸಿರು ಪೊಟ್ಟಣಕ್ಕೇನು ಕೆಲಸ?"

"ಅದರ ತಂಟೆಗೆ ಮಾತ್ರ ಹೋಗ್ಬೇಡಿ. ಅದು ದೇವರ ವಿಷಯ."

ಅವಳು ತಲೆ ಬಾಚಿಕೊಳ್ಳಲು ಹೋದಳು. ಮೇಷ್ಟ್ರ ವೈಜ್ಞಾನಿಕ ಮನೋಭಾವಕ್ಕೆ ಸಂಜೆಯ ಹಸಿವೂ ಸೇರಿಕೊಂಡಿತು. ಪೊಟ್ಟಣವನ್ನು ಕಿತ್ತರು, ಒಡೆದರು, ತಿಂದರು. ತಳದ ಪುಡಿಯನ್ನು ಬಾಯಿಗೆ ಸುರಿದುಕೊಂಡು ನೋಡುತ್ತಾರೆ, ರೌಟರಿನ ದೀಪ ಕೆಂಪು!

ಆರಿಸಿದರು, ಹಾಕಿದರು. ತಟ್ಟಿದರು, ಬೋರಲು ಹಾಕಿದರು. ಕೆಂಪು ಕೆಂಪಾಗಿಯೇ ಇತ್ತು. ಗ್ವೇಲಾನ್ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏನಾಯ್ತು ಮೇಷ್ಟ್ರೇ? ರಸ್ತೆ ಕಿತ್ತೋಗಿದ್ಯೋ, ಅಂಗಡಿ ಮುಚ್ಚಿದ್ಯೋ?"

"ಸಮುದ್ರದಡಿ ಹಾಕಿರೋ ಕೇಬಲ್ ತುಂಡಾಗಿರ್ಬೇಕು."

ಪಕ್ಕದ ಮನೆಯಿಂದ ಯಾವುದೋ ಧಾರಾವಾಹಿಯ ಅಳು ಜೋರಾಗಿ ಕೇಳಿಸುತ್ತಿತ್ತು. "ಅವರಿಗೂ ಇಂಟರ್ನೆಟ್‌ನಲ್ಲೇ ಬರೋದು. ಅವರ ಸಮುದ್ರ ಬೇರೆನಾ?"

"ಹಾಗಾದ್ರೆ ಹೆಸರು ಹೇಳಿದ್ರೆ ನಂಬರು ಹುಡುಕಿಕೊಡೋ ಡೈರೆಕ್ಟರಿ ಕೆಟ್ಟಿದೆ. ಒಂದು ಸ್ಕ್ರೂಡ್ರೈವರ್ ಕೊಡು."

ಅವಳು ಕದಲದಿದ್ದಾಗ ತಾವೇ ಒಂದನ್ನು ಹುಡುಕಿ ತಂದು ರೌಟರಿನ ಮುಂದೆ ಕೂತುಬಿಟ್ಟರು. ಫೋನಿನ ಡೇಟಾವನ್ನಾದರೂ ಬಳಸೋಣವೆಂದರೆ, ಮನೆಯಲ್ಲೇ ಇಂಟರ್ನೆಟ್ ಇರುವಾಗ ಅದು ದಂಡ ಎಂದು ನಿಲ್ಲಿಸಿದವರೂ ಇದೇ ಮೇಷ್ಟ್ರು. ಅಷ್ಟರಲ್ಲಿ ಗ್ವೇಲಾನಳ ಕಣ್ಣು ನೆಲದ ಮೇಲಿದ್ದ ಖಾಲಿ ಪೊಟ್ಟಣಕ್ಕೆ ಬಿತ್ತು.

"ತಿಂದ್ರಾ?"

"ರುಚಿ ನೋಡ್ದೆ."

"ಸ್ಕ್ರೂಡ್ರೈವರ್ ಕೆಳಗಿಡಿ. ಹೋಗಿ ಇನ್ನೊಂದು ತನ್ನಿ. ಹಸಿರೇ ಆಗ್ಬೇಕು."

ಮೊದಲ ಅಂಗಡಿಯಲ್ಲಿ ಬರೀ ಹಳದಿ. ಎರಡನೆಯದರಲ್ಲಿ, "ಹಸಿರನ್ನ ಕಾರ್ಖಾನೆಯೋರು ಬೆಳಿಗ್ಗೆನೇ ಎತ್ಕೊಂಡೋದ್ರು ತಾತ." ಮೂರನೆಯದರಲ್ಲಿ ಉಳಿದಿದ್ದ ಒಂದೇ ಒಂದು ಹಸಿರು ಪೊಟ್ಟಣ ಕೊರಳಿಗೆ ಕಾರ್ಖಾನೆಯ ಗುರುತಿನ ಬಿಲ್ಲೆ ನೇತುಹಾಕಿಕೊಂಡ ಎಂಜಿನಿಯರನ ಕೈಯಲ್ಲಿತ್ತು. ಗ್ರಹಚಾರಕ್ಕೆ ಅವನು ಮೇಷ್ಟ್ರ ಹಳೆಯ ಶಿಷ್ಯ!

"ಸರ್, ಮೂಢನಂಬಿಕೆ ತಪ್ಪು ಅಂತ ನನ್ನ ಕೈಲಿ ಪ್ರಬಂಧ ಬರೆಸಿದ್ರಿ, ನೆನಪಿದ್ಯಾ?"

"ಚೆನ್ನಾಗೇ ಬರೆದಿದ್ದೆ ಕಣಯ್ಯಾ. ಈಗ ಅದನ್ನ ಕೊಡು."

ಅವನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ತಾರೀಕು ನೋಡಿ ಇಡಿ ಸರ್," ಎಂದೂ ಸೇರಿಸಿದ.

ಮಾನ ಮರ್ಯಾದೆಯನ್ನು ಆ ಅಂಗಡಿಯಲ್ಲೇ ಬಿಟ್ಟು, ಪೊಟ್ಟಣವನ್ನು ಎದೆಗವಚಿಕೊಂಡು ಮೇಷ್ಟ್ರು ಏದುಸಿರು ಬಿಡುತ್ತ ಮನೆಗೆ ಬಂದರೆ, ಗ್ವೇಲಾನ್ ಫೋನಿನ ಮುಂದೆ ನಿಂತು ನಗುನಗುತ್ತ ಮಾರುತ್ತಿದ್ದಾಳೆ. ಕಡುಬಿನ ಗೊಂಚಲುಗಳು ಆಗಲೇ ಅರ್ಧ ಕರಗಿದ್ದವು. ರೌಟರಿನ ದೀಪ ಹಸಿರು. ಅದಕ್ಕೂ ಗೋಡೆಗೂ ನಡುವೆ ತುರುಕಿದ್ದ ಒಂದು ಕಡುಬು.

ಮೇಷ್ಟ್ರು ಬಗ್ಗಿ ನೋಡಿದರು. ತಂತಿಯ ತುದಿಯಲ್ಲಿರಬೇಕಾದ ಪುಟ್ಟ ಕೊಕ್ಕೆ ಮುರಿದಿತ್ತು. ಕಡುಬು ಒತ್ತಿ ಹಿಡಿದಿದ್ದಕ್ಕೆ ತಂತಿ ತೂತಿನಲ್ಲಿ ನಿಂತಿತ್ತು. ಅವರ ಮುಖ ಅರಳಿತು. ಕೊನೆಯ ಗಿರಾಕಿ ಹೋಗುವವರೆಗೆ ಹೇಗೋ ತಡೆದುಕೊಂಡರು.

"ನೋಡಿದ್ಯಾ? ದೇವರೂ ಇಲ್ಲ, ದಿಂಡರೂ ಇಲ್ಲ. ಕೊಕ್ಕೆ ಮುರಿದಿದೆ, ಅಷ್ಟೇ."

"ಗೊತ್ತು. ನೀವು ಗುದ್ದಿ ಚುಚ್ಚಿದ ದಿನಾನೇ ಮುರೀತು."

"ಮತ್ತೆ ದೇವರ ವಿಷಯ ಅಂದ್ಯಲ್ಲ?"

"ತಂತಿ ವಿಷಯ ಅಂದಿದ್ರೆ ರಿಪೇರಿಗೆ ಕೂತ್ಕೋತಿದ್ರಿ."

"ಎಲ್ಲಾ ಗೊತ್ತಿದ್ದೂ ನನ್ನನ್ಯಾಕೆ ಊರೆಲ್ಲ ಓಡಿಸ್ದೆ?"

ಗ್ವೇಲಾನ್ ಕೈಯೊರೆಸಿಕೊಂಡು ಹಸಿರು ಪೊಟ್ಟಣವನ್ನು ಅವರ ಕೈಯಿಂದ ತೆಗೆದುಕೊಂಡಳು. "ಇವತ್ತು ಕೂತೇಬಿಟ್ಟಿದ್ರಲ್ಲ, ಎಬ್ಬಿಸ್ಬೇಕಿತ್ತು."