ಕಸ ಹಾಕಲು ಯೋಗ್ಯವಾದ ಜಾಗ

ಸರ್ವೇಯರನ ಮನೆಯೆದುರಿನ ಖಾಲಿ ನಿವೇಶನದಲ್ಲಿ ನಗರಸಭೆಯವರು "ಎರಡು ದಿನದ ಮಟ್ಟಿಗೆ" ಎಂದು ಕಸ ಸುರಿಯತೊಡಗಿ ಏಳು ತಿಂಗಳಾಗಿತ್ತು. ಊರು ಬೆಳೆದಂತೆ ಗುಡ್ಡೆಯೂ ಬೆಳೆದು, ತುಂಬು ಬಸುರಿ ಎಮ್ಮೆಯಂತೆ ರಸ್ತೆಗೆ ಅಡ್ಡ ಮಲಗಿತ್ತು. ಅದರ ವಾಸನೆಗೆ ಸರ್ವೇಯರನ ತಂದೆಗೆ ಕೆಮ್ಮು ಗಂಟುಬಿದ್ದಿತ್ತು. ಕಸಕ್ಕೆ ಹೊಸ ಜಾಗ ಹುಡುಕುವ ಕೆಲಸ ಮಗನದೇ. ಹಿಂದೆ ತೋರಿಸಿದ ಎರಡು ಜಾಗಗಳಲ್ಲೂ ಜನ ಜೀಪಿಗೆ ಅಡ್ಡ ಕೂತು ಅವನನ್ನು ಹಿಂದಕ್ಕಟ್ಟಿದ್ದರು. ಮೂರನೆಯದಕ್ಕೆ ಅಂದು ಸಂಜೆಯ ಸಭೆ ಒಪ್ಪದಿದ್ದರೆ ಗುಡ್ಡೆ ಅಲ್ಲೇ ಉಳಿಯುವುದಿತ್ತು.

"ಈ ಸಲ ನಮ್ಮ ಬೀದಿಯವರನ್ನೇ ಕರ್ಕೊಂಡ್ಹೋಗಿ ತೋರಿಸ್ತೀನಿ ಕಣೇ. ಅವರು ಒಪ್ಪಿದ್ರೆ ಸಭೆ ಬಾಯಿ ಮುಚ್ಚುತ್ತೆ."

"ನಮ್ಮ ಬೀದಿಯವರಾ?" ಎಂದಳು ಹೆಂಡತಿ. "ಹೋಗ್ಬನ್ನಿ."

ನಿವೃತ್ತ ಹೆಡ್‌ಮಾಸ್ತರು, ದರ್ಜಿ, ಅವರ ಹಿಂದೆ ಅರ್ಧ ಬೀದಿ, ಜೊತೆಗೆ ತಂದೆ. ಜೀಪಿನಲ್ಲಿ ಒಂಬತ್ತು ಜನರಿದ್ದರೆಂದು ಕೆಲವರು ಹೇಳುತ್ತಾರೆ, ಹದಿಮೂರೆಂದು ಕೆಲವರು. ಸರ್ವೇಯರನಿಗೆ ಮಾತ್ರ ಸೀಟು ಸಿಗಲಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಊರಾಚೆಯ ಬಯಲಿನಲ್ಲಿ ಅವನು ಎದೆಮಟ್ಟದ ಗುಂಡಿ ತೋಡಿಸಿ, ಒಂದು ಬಕೆಟ್ ನೀರು ಸುರಿಸಿದ. ಇಣುಕಿದ ಹೆಡ್‌ಮಾಸ್ತರ ಕನ್ನಡಕ ಒಳಗೆ ಬಿತ್ತು. ತೆಗೆಯಲು ಇಳಿದ ಸರ್ವೇಯರನಿಗೆ ಕೆಸರಿನಿಂದ ಮೇಲೇರಲಾಗಲಿಲ್ಲ. ಅಲ್ಲಿಂದಲೇ ವಿವರಿಸಿದ.

"ನೋಡಿ ಮೇಷ್ಟ್ರೇ, ನೀರು ಇಂಗ್ತಾ ಇಲ್ಲ, ಕಸದ ಕೊಳಚೆ ಕೆಳಗಿಳಿಯಲ್ಲ. ಗಟ್ಟಿ ನೆಲ. ಎತ್ತರದ ಜಾಗ, ಎಂಥಾ ಮಳೆಗೂ ಮುಳುಗಲ್ಲ. ಲಾರಿಗೆ ರಸ್ತೆ ಇದೆ. ಗಾಳಿ ಊರ ಕಡೆ ತಿರುಗೋದೇ ಇಲ್ಲ."

"ಪಾಯ ಕೂಡ ಗಟ್ಟಿ ನಿಲ್ಲುತ್ತೇನಪ್ಪಾ?" ಎಂದ ದರ್ಜಿ, ಕುತ್ತಿಗೆಯ ಟೇಪು ತೆಗೆದು ನೆಲ ಅಳೆಯುತ್ತ.

"ನಿಲ್ಲುತ್ತೆ. ಕಸಕ್ಕೆ ಪಾಯ ಯಾಕಣ್ಣಾ?"

"ಸುಮ್ನೆ ಕೇಳ್ದೆ."

ತಂದೆ ಗಾಳಿಗೆ ಮುಖವೊಡ್ಡಿ ನಿಂತಿದ್ದ. ಒಂದು ಗಂಟೆಯಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಗುಂಡಿಯೊಳಗಿನಿಂದ ಅದನ್ನು ಕಂಡ ಮಗನ ಕಣ್ಣು ತುಂಬಿತು.

ಸಂಜೆ, ಮಂಡಿಯವರೆಗೆ ಒಣಗಿದ ಕೆಸರಿನೊಡನೆ ಅವನು ಸಭೆಗೆ ಹೋದ. ಅಧ್ಯಕ್ಷೆ ವರದಿಯನ್ನು ಹೊಗಳಿಯೇ ಹೊಗಳಿದರು.

"ನಿಮ್ಮ ಬೀದಿಯವರೂ ಅರ್ಜಿ ಕೊಟ್ಟಿದಾರೆ, ಇಪ್ಪತ್ತಾರು ಸಹಿ."

ಸರ್ವೇಯರ ಪೂರಿಯಂತೆ ಉಬ್ಬಿದ.

"ಗಟ್ಟಿ ನೆಲ, ಒಳ್ಳೇ ಗಾಳಿ, ರಸ್ತೆ ಬೇರೆ. ಇಂಥಲ್ಲಿ ಕಸ ಹಾಕೋದು ಅನ್ಯಾಯ, ನಮಗೇ ಮನೆ ಕಟ್ಟೋಕೆ ಕೊಡಿ ಅಂತ ಬರೆದಿದಾರೆ. ಸಭೆ ಒಪ್ಪಿದೆ. ಸೈಟು ಹಂಚೋಕೆ ಐದಾರು ವರ್ಷ ಹಿಡಿಯುತ್ತೆ. ನೀವು ಬೇರೆ ಜಾಗ ಹುಡುಕಿ. ಅಲ್ಲೀತನಕ ಕಸ ಈಗಿರೋ ಕಡೇನೇ ಇರ್ಲಿ."

ಅವನು ಅರ್ಜಿಯನ್ನು ಇಸಿದುಕೊಂಡು ನೋಡಿದ. ಮೊದಲ ಸಹಿ, ನಡುಗುವ ಅಕ್ಷರಗಳಲ್ಲಿ, ತಂದೆಯದು.

"ಏನಪ್ಪಾ ಇದು?" ಎಂದ ಮನೆಗೆ ಬಂದು.

"ನಿನ್ನ ಹೆಸರಿಗೇ ಕೇಳಿದೀನಿ ಮಗಾ. ಏಳು ತಿಂಗಳಿಂದ ನನ್ನ ಉಸಿರಿಗೋಸ್ಕರ ಅಲೀತಿದೀಯ. ನೀನೂ ಒಂದಿಷ್ಟು ಒಳ್ಳೇ ಗಾಳಿ ಕುಡೀಲಿ ಅನ್ನಿಸ್ತು."

ಅಷ್ಟರಲ್ಲಿ ಮುದುಕನಿಗೆ ಕೆಮ್ಮು ಬಂತು. ಬೈಯಲೆಂದು ಬಾಯಿ ತೆರೆದಿದ್ದ ಮಗ ಅದನ್ನು ಹಾಗೇ ಮುಚ್ಚಿ, ಪಕ್ಕದಲ್ಲಿ ಕೂತು ಬೆನ್ನು ನೀವತೊಡಗಿದ.